ಸಮುದ್ರದಲ್ಲಿ ಮುಳುಗುವವರನ್ನು ಹತ್ತಿಸಿಕೊಂಡರೆ ಕೇಸಾಗುತ್ತದೆಯೇ?

ಪ್ರಶ್ನೆ: ನಾನು ಜಮಖಂಡಿ ತಾಲೂಕಿನ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಮಗ ತೈಲ ಸಾಗಿಸುವ ಟ್ಯಾಂಕರ್ ಹಡಗಿನಲ್ಲಿ ಥರ್ಡ್ ಆಫೀಸರ್. ಕಂಪನಿ ಗ್ರೀಸ್ ದೇಶದ್ದು, ಹಡಗಿನ ಬಾವುಟ ಲೈಬೀರಿಯಾದ್ದು. ಕಳೆದ ತಿಂಗಳು ಲಿಬಿಯಾ ಮತ್ತು ಮಾಲ್ಟಾ ನಡುವೆ ಗಾಳಿ ಹೋಗುತ್ತಿದ್ದ ರಬ್ಬರ್ ದೋಣಿಯಿಂದ ಅರವತ್ತು ಚಿಲ್ಲರೆ ಜನರನ್ನು ಇವರ ಹಡಗು ಹತ್ತಿಸಿಕೊಂಡಿತಂತೆ. ಐದು ದಿನ ಯಾವ ಬಂದರೂ ಒಳಗೆ ಬಿಡಲಿಲ್ಲ. ಕೊನೆಗೆ ಇಟಲಿಯಲ್ಲಿ ಇಳಿಸಿದರು. ಈಗ ಅಲ್ಲಿನ ಪೊಲೀಸರು ಸಿಬ್ಬಂದಿಯ ಹೇಳಿಕೆ ಬರೆದುಕೊಂಡಿದ್ದಾರೆ. ಮಗನ ತಾಯಿಗೆ ನಿದ್ದೆಯಿಲ್ಲ. ಊರ ಕಟ್ಟೆಯ ಮೇಲೆ ಕೂತವರು, "ಕಳ್ಳದಾರಿಯಲ್ಲಿ ಬಂದವರನ್ನ ಹತ್ತಿಸಿಕೊಂಡಿದ್ದೇ ತಪ್ಪು, ಮಾನವ ಸಾಗಣೆ ಕೇಸ್ ಬೀಳ್ತದ" ಅನ್ನುತ್ತಾರೆ. ಕ್ಯಾಪ್ಟನ್ ಹತ್ತಿಸಿಕೊಳ್ಳಲೇಬೇಕಿತ್ತೇ? ಬಂದರಿನವರು ಹಾಗೆ ತಡೆಯಬಹುದೇ? ಮಗನ ಸಿಡಿಸಿಗೆ, ಅಂದರೆ ಅವನ ನಾವಿಕ ಸೇವಾ ಪುಸ್ತಕಕ್ಕೆ, ಏನಾದರೂ ಕಲೆ ಹತ್ತುತ್ತದೆಯೇ?

ಉತ್ತರ: ಮಾಸ್ತರರೇ, ಮೊದಲು ಮನೆಯವರಿಗೆ ಇಷ್ಟು ಹೇಳಿ. ಹೇಳಿಕೆ ಬರೆದುಕೊಳ್ಳುವುದು ಬೇರೆ, ಆರೋಪಿ ಮಾಡುವುದು ಬೇರೆ. ಇಟಲಿಯಲ್ಲಿ ಹೀಗೆ ಜನ ಇಳಿದಾಗ ಪೊಲೀಸರು ಮುಖ್ಯವಾಗಿ ಹುಡುಕುವುದು ಆ ರಬ್ಬರ್ ದೋಣಿ ನಡೆಸಿದವನು ಯಾರು, ದುಡ್ಡು ಯಾರ ಕೈ ಸೇರಿತು ಎಂಬುದನ್ನು. ದೋಣಿಯನ್ನು ಹತ್ತಿರದಿಂದ ನೋಡಿದವರು ಹಡಗಿನವರು, ಹಾಗಾಗಿ ಅವರನ್ನು ಸಾಕ್ಷಿಗಳಾಗಿ ಕೇಳುತ್ತಾರೆ. ನಿಮ್ಮ ಮಗನನ್ನು ಸಾಕ್ಷಿಯಾಗಿ ಕೇಳಿದ್ದೋ ಶಂಕಿತನಾಗಿ ಕೇಳಿದ್ದೋ ಎಂಬುದನ್ನು ಕಂಪನಿಯ ವಕೀಲರಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಲಿ. ನೀವು ಬರೆದಿರುವುದನ್ನು ನೋಡಿದರೆ ಸಾಕ್ಷಿ ಎಂದೇ ಕಾಣುತ್ತದೆ.

ಇನ್ನು ಕಟ್ಟೆಯ ಮಾತು. ಅದು ಪೂರ್ತಿ ತಲೆಕೆಳಗು. ಹತ್ತಿಸಿಕೊಳ್ಳದೆ ಮುಂದೆ ಹೋಗಿದ್ದರೆ ತಪ್ಪಾಗುತ್ತಿತ್ತು.

ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಪ್ಪಂದದ 98ನೇ ಕಲಂ ಹೇಳುವುದು ಸರಳ: ಸಮುದ್ರದಲ್ಲಿ ಪ್ರಾಣಾಪಾಯದಲ್ಲಿರುವ ಯಾರೇ ಕಂಡರೂ, ತನ್ನ ಹಡಗಿಗೆ, ಸಿಬ್ಬಂದಿಗೆ ಗಂಭೀರ ಅಪಾಯವಿಲ್ಲದಿದ್ದರೆ ಕ್ಯಾಪ್ಟನ್ ನೆರವಾಗಬೇಕು; ಅಪಾಯದ ಸುದ್ದಿ ಬಂದರೆ ಸಾಧ್ಯವಾದಷ್ಟು ವೇಗವಾಗಿ ಅಲ್ಲಿಗೆ ಹೋಗಬೇಕು. ಈ ಹೊಣೆಯನ್ನು ತನ್ನಲ್ಲಿ ನೋಂದಣಿಯಾಗಿ ತನ್ನ ಬಾವುಟ ಹಾರಿಸುವ ಹಡಗುಗಳ ಮೇಲೆ ಹೊರಿಸುವುದು ಆಯಾ ದೇಶದ ಕೆಲಸ. ನಿಮ್ಮ ಮಗನ ಹಡಗಿಗೆ ಲೈಬೀರಿಯಾ. ಮಾಲೀಕ ಗ್ರೀಕನೋ, ಸಿಬ್ಬಂದಿ ಭಾರತದವರೋ ಎಂಬುದರಿಂದ ಇದು ಬದಲಾಗುವುದಿಲ್ಲ. ಭಾರತ ಈ ಒಪ್ಪಂದವನ್ನು 1995ರಲ್ಲಿ ಒಪ್ಪಿಕೊಂಡಿದೆ. ನಮ್ಮ 1958ರ ವ್ಯಾಪಾರ ನೌಕಾ ಕಾಯ್ದೆಯ 355ನೇ ಕಲಂ ಕೂಡ ಇದನ್ನೇ ಹೇಳಿತ್ತು. ಆ ಕಾಯ್ದೆಯ ಜಾಗಕ್ಕೆಂದು 2025ರಲ್ಲಿ ಸಂಸತ್ತು ಹೊಸದನ್ನು ಅಂಗೀಕರಿಸಿದೆ.

ಇನ್ನೊಂದು ಒಪ್ಪಂದವಿದೆ, ಹಡಗಿನವರು ದಿನಾ ಬಾಯಲ್ಲಿ ಆಡುವ ಸೋಲಾಸ್, ಅಂದರೆ ಸಮುದ್ರದಲ್ಲಿ ಜೀವ ಸುರಕ್ಷತೆಯ ಒಪ್ಪಂದ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹುಟ್ಟಿದ್ದು, ಈಗ ಜಾರಿಯಲ್ಲಿರುವುದು 1974ರ ರೂಪ. ಅದರ ಐದನೇ ಅಧ್ಯಾಯದ 33ನೇ ನಿಯಮ ಓದಿದರೆ ಕಟ್ಟೆಯ ಚರ್ಚೆ ಅಲ್ಲೇ ಮುಗಿಯಬೇಕು. ಅಪಾಯದಲ್ಲಿರುವವರು ಯಾವ ದೇಶದವರು, ಅವರ ಸ್ಥಾನಮಾನ ಏನು, ಯಾವ ಪರಿಸ್ಥಿತಿಯಲ್ಲಿ ಸಿಕ್ಕರು ಎಂಬುದನ್ನು ನೋಡದೆ ನೆರವು ಕೊಡಬೇಕು ಎಂದು ಅದರಲ್ಲಿ ಬರೆದಿದೆ. ಪಾಸ್‌ಪೋರ್ಟ್ ಇದೆಯೋ ಇಲ್ಲವೋ, ದಲ್ಲಾಳಿಗೆ ದುಡ್ಡು ಕೊಟ್ಟು ದೋಣಿ ಹತ್ತಿದರೋ, ಇವೆಲ್ಲ ದಡದಲ್ಲಿ ಕೇಳುವ ಪ್ರಶ್ನೆಗಳು.

ಕ್ಯಾಪ್ಟನ್ ಹೋಗದೆ ಇರಬಹುದಾದ ಸಂದರ್ಭಗಳೂ ಇವೆ. ತನ್ನ ಹಡಗೇ ಕೆಟ್ಟಿದ್ದರೆ, ಅಥವಾ ಬೇರೆ ಹಡಗು ಮೊದಲೇ ತಲುಪಿ ಇನ್ನು ನಿಮ್ಮ ಅಗತ್ಯವಿಲ್ಲ ಎಂದರೆ ಬಿಡಬಹುದು. ಆದರೆ ಯಾಕೆ ಹೋಗಲಿಲ್ಲ ಎಂದು ಲಾಗ್‌ಬುಕ್ಕಿನಲ್ಲಿ ಬರೆಯಬೇಕು, ರಕ್ಷಣಾ ಕೇಂದ್ರಕ್ಕೆ, ಅಂದರೆ ಸಮುದ್ರದಲ್ಲಿ ಜನರನ್ನು ಉಳಿಸುವ ಕೆಲಸ ನೋಡಿಕೊಳ್ಳುವ ಕಚೇರಿಗೆ, ತಿಳಿಸಬೇಕು. ಸುಮ್ಮನೆ ಮುಖ ತಿರುಗಿಸಿ ಹೋಗುವ ಹಾಗಿಲ್ಲ. ಮಾಲೀಕ ದಾರಿ ಬದಲಿಸಬೇಡ, ಡೀಸೆಲ್ ಖರ್ಚಾಗುತ್ತದೆ ಎಂದು ಫೋನ್ ಮಾಡಿದರೂ ಕ್ಯಾಪ್ಟನ್ ಕೇಳಬೇಕಿಲ್ಲ. ಜೀವ ಉಳಿಸಲು ಕ್ಯಾಪ್ಟನ್ ತೆಗೆದುಕೊಳ್ಳುವ ತೀರ್ಮಾನಕ್ಕೆ ಮಾಲೀಕನಾಗಲಿ ಹಡಗನ್ನು ಬಾಡಿಗೆಗೆ ಪಡೆದವನಾಗಲಿ ಅಡ್ಡ ಬರಕೂಡದು ಎಂದು ಅದೇ ಅಧ್ಯಾಯದಲ್ಲಿದೆ. ಖರ್ಚಿನ ಬಹುಪಾಲು ಹೇಗೂ ಮಾಲೀಕರ ಹೊಣೆಗಾರಿಕೆ ವಿಮೆಯಲ್ಲಿ ಬರುತ್ತದೆ. ದಾರಿ ತಿರುಗಿಸಿದ್ದರ ಇಂಧನ, ಹತ್ತಿದವರ ಊಟ, ಇಳಿಸುವ ಬಂದರಿನ ಶುಲ್ಕ ಎಲ್ಲ ಅದರಲ್ಲಿ ಸೇರುತ್ತವೆ. ಹಡಗು ತಡವಾದದ್ದರಿಂದ ಆಗುವ ವ್ಯಾಪಾರದ ನಷ್ಟ ಮಾತ್ರ ಮಾಲೀಕ ಮತ್ತು ಬಾಡಿಗೆದಾರನ ನಡುವಿನ ಜಗಳವಾಗಿ ಉಳಿಯುತ್ತದೆ. ಮುಂಬಯಿಯಲ್ಲಿದ್ದಾಗ ಅಂಥ ಜಗಳದ ಕಡತಗಳೇ ನನ್ನ ಹೊಟ್ಟೆಪಾಡು.

ನಿಮ್ಮ ಮಗನ ಕೆಲಸದ ಬಗ್ಗೆ ಒಂದು ಮಾತು. ಹಡಗಿನ ಜೀವರಕ್ಷಕ ಸಾಮಗ್ರಿಯ ಉಸ್ತುವಾರಿ ಸಾಮಾನ್ಯವಾಗಿ ಥರ್ಡ್ ಆಫೀಸರ್‌ದೇ. ಲೈಫ್ ಜಾಕೆಟ್, ಹಗ್ಗದ ಏಣಿ, ಬಲೆ, ತೇಲುವ ಉಂಗುರ ಎಲ್ಲವೂ ಆ ರಾತ್ರಿ ಅವನ ಕೈಯಿಂದಲೇ ಹೋಗಿರುತ್ತವೆ. ದೊಡ್ಡ ವ್ಯಾಪಾರಿ ಹಡಗು ಇಂಥ ಕೆಲಸಕ್ಕೆಂದು ಕಟ್ಟಿದ್ದಲ್ಲ. ಸಮುದ್ರದಿಂದ ಡೆಕ್‌ವರೆಗೆ ಎಷ್ಟೋ ಅಡಿ ಉಕ್ಕಿನ ಗೋಡೆ. ದೋಣಿಯಲ್ಲಿದ್ದವರು ಹಡಗು ಕಂಡ ಕೂಡಲೇ ಎಲ್ಲರೂ ಒಂದೇ ಕಡೆಗೆ ಎದ್ದು ಬರುತ್ತಾರೆ, ದೋಣಿ ಮಗುಚುತ್ತದೆ. 2015ರ ಏಪ್ರಿಲ್ 18ರ ರಾತ್ರಿ ಲಿಬಿಯಾದ ಉತ್ತರಕ್ಕೆ ಕಿಂಗ್ ಜೇಕಬ್ ಎಂಬ ಕಂಟೇನರ್ ಹಡಗು ನೆರವಿಗೆ ಬಂದಾಗ, ಜನ ತುಂಬಿದ್ದ ಮೀನುಗಾರಿಕೆ ದೋಣಿ ಅದಕ್ಕೇ ಬಂದು ಬಡಿದು ಮಗುಚಿತು. ದೋಣಿಯ ಹೊಟ್ಟೆಯೊಳಗೂ ಜನರನ್ನು ತುರುಕಿದ್ದರು. ಸತ್ತವರು ಎಂಟುನೂರರಷ್ಟು, ಬದುಕಿದವರು 28. ಕಿಂಗ್ ಜೇಕಬ್‌ನದು ತಪ್ಪಿಲ್ಲವೆಂದು ಕಂಡುಬಂತು. ದೋಣಿ ನಡೆಸಿದವನಿಗೆ ಇಟಲಿಯ ನ್ಯಾಯಾಲಯ 2016ರಲ್ಲಿ 18 ವರ್ಷ ಜೈಲು ವಿಧಿಸಿತು. ಅರವತ್ತು ಚಿಲ್ಲರೆ ಜನರನ್ನು ಒಬ್ಬರನ್ನೂ ಕಳೆಯದೆ ಟ್ಯಾಂಕರ್ ಮೇಲೆ ಏರಿಸಿದ್ದಾರೆ ಎಂದರೆ ಸಿಬ್ಬಂದಿಗೆ ಕೆಲಸ ಗೊತ್ತಿತ್ತು ಎಂದರ್ಥ. ಅದರ ಮೇಲೆ ಟ್ಯಾಂಕರ್‌ನ ಡೆಕ್ಕಿನಲ್ಲಿ ಬೀಡಿ ಹಚ್ಚುವಂತಿಲ್ಲ, ಒಲೆ ಹೂಡುವಂತಿಲ್ಲ. ಇಪ್ಪತ್ತು ಇಪ್ಪತ್ತೈದು ಸಿಬ್ಬಂದಿಗೆ ಇಟ್ಟ ಅಕ್ಕಿಬೇಳೆಯಲ್ಲಿ ನೂರರ ಹತ್ತಿರ ಜನಕ್ಕೆ ಐದು ದಿನ ಬೇಯಿಸಿ ಹಾಕಿರಬೇಕು.

ಈಗ ಮಾನವ ಸಾಗಣೆಯ ಕೇಸು. ವಲಸಿಗರ ಕಳ್ಳಸಾಗಣೆ ವಿರುದ್ಧ 2000ದಲ್ಲಿ ವಿಶ್ವಸಂಸ್ಥೆ ಮಾಡಿದ ಪ್ರೋಟೋಕಾಲ್ ಪ್ರಕಾರ ಅಪರಾಧವಾಗಬೇಕಾದರೆ ಹಣ ಅಥವಾ ಬೇರೆ ಲಾಭದ ಉದ್ದೇಶವಿರಬೇಕು. ಸಂಬಳಕ್ಕೆ ದುಡಿಯುವ ಆಫೀಸರ್ ರಕ್ಷಣಾ ಕೇಂದ್ರದ ಸೂಚನೆಯಂತೆ ಹಗ್ಗ ಇಳಿಬಿಟ್ಟರೆ ಅದರಲ್ಲಿ ಲಾಭ ಎಲ್ಲಿದೆ? ಅಂತರರಾಷ್ಟ್ರೀಯ ಕಾನೂನಿನ ಮಟ್ಟದಲ್ಲಿ ಪ್ರಶ್ನೆಯೇ ಏಳುವುದಿಲ್ಲ. ಯುರೋಪಿನ ಕಾನೂನು ಮಾತ್ರ ಇಷ್ಟು ಸ್ವಚ್ಛವಾಗಿಲ್ಲ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಐರೋಪ್ಯ ಒಕ್ಕೂಟದ 2002ರ ನಿರ್ದೇಶನದಲ್ಲಿ ಅಕ್ರಮ ಪ್ರವೇಶಕ್ಕೆ ನೆರವಾದರೆ ಲಾಭವಿಲ್ಲದಿದ್ದರೂ ಅಪರಾಧವಾಗಬಹುದು. ಮಾನವೀಯ ನೆರವಿಗೆ ವಿನಾಯಿತಿ ಕೊಡುವುದು ಆಯಾ ದೇಶದ ಇಚ್ಛೆಗೆ ಬಿಟ್ಟದ್ದು. ಈ ಸಂದಿಯಲ್ಲೇ ಕೆಲವು ಕೇಸುಗಳು ಹುಟ್ಟಿವೆ.

2004ರಲ್ಲಿ ಜರ್ಮನಿಯ ಕಾಪ್ ಅನಾಮುರ್ ಎಂಬ ನೆರವಿನ ಹಡಗು 37 ಜನರನ್ನು ಸಿಸಿಲಿಗೆ ತಂದಾಗ ಸಂಸ್ಥೆಯ ಮುಖ್ಯಸ್ಥ, ಕ್ಯಾಪ್ಟನ್, ಮೊದಲ ಅಧಿಕಾರಿ ಮೂವರ ಮೇಲೂ ಕೇಸು ಹಾಕಿದರು. 2009ರಲ್ಲಿ ಮೂವರೂ ಖುಲಾಸೆಯಾದರು. 2019ರ ಜೂನ್‌ನಲ್ಲಿ ಸೀ ವಾಚ್ 3 ಹಡಗಿನ ಕ್ಯಾಪ್ಟನ್ ಕರೋಲಾ ರಾಕೆಟೆ ನಿಷೇಧ ಮೀರಿ ಲಂಪೆದೂಸಾ ಬಂದರು ಹೊಕ್ಕಾಗ ಬಂಧಿಸಿದರು. ಆ ಬಂಧನಕ್ಕೆ ಆಧಾರವಿರಲಿಲ್ಲ ಎಂದು 2020ರಲ್ಲಿ ಇಟಲಿಯ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಜನರನ್ನು ಹಡಗಿಗೆ ಹತ್ತಿಸಿಕೊಂಡ ಮಾತ್ರಕ್ಕೆ ಕರ್ತವ್ಯ ಮುಗಿಯದು, ಸುರಕ್ಷಿತ ಜಾಗದಲ್ಲಿ ಇಳಿಸುವುದೂ ಅದರ ಭಾಗ ಎಂಬ ತರ್ಕ. ಇವೆರಡೂ ಸ್ವಯಂಸೇವಾ ಸಂಸ್ಥೆಗಳ ಹಡಗುಗಳು, ನಿಮ್ಮ ಮಗನದು ದಾರಿಹೋಕ ವ್ಯಾಪಾರಿ ಹಡಗು. ಅನುಮಾನದ ಕಣ್ಣು ಇಂಥವುಗಳ ಮೇಲೆ ಇನ್ನೂ ಕಡಿಮೆ.

ಕಟ್ಟೆಯವರಿಗೆ ನಾನಾದರೆ ಆಸ್ಸೋ 28ರ ಕಥೆ ಹೇಳುತ್ತಿದ್ದೆ. ಇಟಲಿಯ ಬಾವುಟದ ಈ ಸರಬರಾಜು ಹಡಗು ಲಿಬಿಯಾದ ಬಳಿ ತೈಲ ಬಾವಿಗಳಿಗೆ ಸಾಮಾನು ಒಯ್ಯುತ್ತಿತ್ತು. 2018ರ ಜುಲೈನಲ್ಲಿ 101 ಜನರನ್ನು ರಕ್ಷಿಸಿ, ತಿರುಗಿ ತ್ರಿಪೋಲಿಗೇ ಒಯ್ದು ಒಪ್ಪಿಸಿತು. ಗರ್ಭಿಣಿಯರಿದ್ದರು, ಮಕ್ಕಳಿದ್ದರು. ನೇಪಲ್ಸ್ ನ್ಯಾಯಾಲಯ 2021ರಲ್ಲಿ ಕ್ಯಾಪ್ಟನ್‌ಗೆ ಒಂದು ವರ್ಷದ ಶಿಕ್ಷೆ ವಿಧಿಸಿತು, 2024ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಖಾಯಂ ಮಾಡಿತು. ಆ ಕ್ಯಾಪ್ಟನ್ ಅಪರಾಧಿಯಾದದ್ದು ಜನರನ್ನು ಹತ್ತಿಸಿಕೊಂಡಿದ್ದಕ್ಕಲ್ಲ, ಚಿತ್ರಹಿಂಸೆಯ ಜಾಗಕ್ಕೆ ವಾಪಸ್ ಬಿಟ್ಟು ಬಂದದ್ದಕ್ಕೆ. ಅದಕ್ಕೂ ಮುಂಚೆ, 2009ರಲ್ಲಿ ಇಟಲಿಯ ಸರ್ಕಾರಿ ಹಡಗುಗಳೇ ಸೋಮಾಲಿಯಾ ಮತ್ತು ಎರಿಟ್ರಿಯಾದ ಜನರನ್ನು ನಡುಸಮುದ್ರದಲ್ಲಿ ತಡೆದು ಲಿಬಿಯಾಕ್ಕೆ ದಾಟಿಸಿದ್ದವು. ಅವರಲ್ಲಿ 24 ಜನ ಹೂಡಿದ ದಾವೆಯಲ್ಲಿ, ಹಿರ್ಸಿ ಪ್ರಕರಣ ಎಂದು ಹೆಸರಾದದ್ದು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ಇಟಲಿಯದೇ ತಪ್ಪು ಎಂದಿತು. ತನ್ನ ಬಾವುಟದ ಹಡಗಿನ ಮೇಲಿದ್ದವರು ತನ್ನ ಅಧಿಕಾರದೊಳಗೇ ಇದ್ದರು, ಅಪಾಯವಿರುವ ಕಡೆಗೆ ಅವರನ್ನು ತಳ್ಳುವಂತಿಲ್ಲ ಎಂಬುದು ತೀರ್ಪು. ಕಿರುಕುಳದ ಭಯವಿರುವ ದೇಶಕ್ಕೆ ನಿರಾಶ್ರಿತನನ್ನು ಹಿಂದಟ್ಟಬಾರದೆಂಬ 1951ರ ನಿರಾಶ್ರಿತರ ಒಪ್ಪಂದದ 33ನೇ ಕಲಂ ಇದರ ಬೇರು.

ನಿಮ್ಮ ಎರಡನೇ ಪ್ರಶ್ನೆ, ಬಂದರಿನವರು ತಡೆಯಬಹುದೇ ಎಂಬುದು, ನಿಜಕ್ಕೂ ಕಷ್ಟದ್ದು. ನೀರಿನಿಂದ ಎತ್ತುವ ಕಾನೂನು ಗಟ್ಟಿಯಾಗಿದೆ, ನೆಲಕ್ಕೆ ಇಳಿಸುವ ಕಾನೂನು ಸಡಿಲವಾಗಿದೆ. ನಡುವೆ ಸಿಕ್ಕಿ ನರಳುವವನು ಕ್ಯಾಪ್ಟನ್.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದ್ದು ನಿಮಗೆ ನೆನಪಿರುತ್ತದೆ. ಮಾಳಿಗೆಯ ಮೇಲೆ ಕೂತವರನ್ನು ದೋಣಿಗೆ ಇಳಿಸಿಕೊಂಡವರು ಉತಾರ ತೋರಿಸು, ಅತಿಕ್ರಮಣದ ಜಾಗದಲ್ಲಿ ಮನೆ ಕಟ್ಟಿದ್ದೀಯಾ ಎಂದು ಕೇಳಲಿಲ್ಲ. ಆ ವಿಚಾರಣೆ ಆಮೇಲೆ ತಹಶೀಲ್ದಾರ್ ಕಚೇರಿಯಲ್ಲಿ ನಡೆಯಿತು. ಹಾಗೆಯೇ ದೋಣಿಯಲ್ಲಿ ಕೂರಿಸಿದ ಕ್ಷಣಕ್ಕೆ ರಕ್ಷಣೆ ಮುಗಿಯಿತು ಅನ್ನಲಾಗದು. ಕಾಳಜಿ ಕೇಂದ್ರಕ್ಕೆ ಮುಟ್ಟಿಸಿ, ಒಣಬಟ್ಟೆ, ಊಟ, ಔಷಧ ಸಿಕ್ಕಾಗ ಮುಗಿಯಿತು. ಸಮುದ್ರದ ಕಾನೂನಿನಲ್ಲೂ ಹೀಗೆಯೇ. ಜೀವಕ್ಕೆ ಇನ್ನು ಅಪಾಯವಿಲ್ಲದ, ಊಟ, ನೆರಳು, ಚಿಕಿತ್ಸೆ ಸಿಗುವ, ಮುಂದಿನ ಪ್ರಯಾಣದ ಏರ್ಪಾಡು ಮಾಡಬಹುದಾದ ಜಾಗಕ್ಕೆ ಮುಟ್ಟಿಸಿದಾಗಲೇ ರಕ್ಷಣೆ ಮುಗಿಯುತ್ತದೆ ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ 2004ರ ಮಾರ್ಗಸೂಚಿ ಹೇಳುತ್ತದೆ. ಜನ ಹಡಗು ಹತ್ತಿ ತಕ್ಷಣದ ಅಪಾಯ ತಪ್ಪಿತು ಎಂಬ ಒಂದೇ ಕಾರಣಕ್ಕೆ ಆ ಹಡಗನ್ನೇ ಸುರಕ್ಷಿತ ಜಾಗ ಎಂದು ಎಣಿಸಬಾರದು ಎಂದೂ ಸ್ಪಷ್ಟವಾಗಿ ಬರೆದಿದೆ.

ಹಾಗಾದರೆ ಇಳಿಸಿಕೊಳ್ಳಬೇಕಾದವರು ಯಾರು? ಜಗತ್ತಿನ ಸಮುದ್ರವನ್ನೆಲ್ಲ ಶೋಧ ಮತ್ತು ರಕ್ಷಣಾ ವಲಯಗಳಾಗಿ ಹಂಚಿದ್ದಾರೆ. 1979ರ ಹ್ಯಾಂಬರ್ಗ್ ಒಪ್ಪಂದ ಅದಕ್ಕೆ ಆಧಾರ. ಆಯಾ ವಲಯದ ದೇಶ ರಕ್ಷಣಾ ಸಮನ್ವಯ ಕೇಂದ್ರ ನಡೆಸಬೇಕು. ನಮ್ಮಲ್ಲಿ ಕೋಸ್ಟ್ ಗಾರ್ಡ್ ಈ ಕೆಲಸ ಮಾಡುತ್ತದೆ. ಮುಂಬಯಿ, ಚೆನ್ನೈ, ಈಗ ಶ್ರೀ ವಿಜಯಪುರಂ ಎನ್ನುವ ಪೋರ್ಟ್ ಬ್ಲೇರ್‌ಗಳಲ್ಲಿ ಕೇಂದ್ರಗಳಿವೆ, ಕಾರವಾರ ಮಂಗಳೂರಿನ ಮೀನುಗಾರರಿಗೆಲ್ಲ 1554 ಸಂಖ್ಯೆ ಗೊತ್ತು. ಹ್ಯಾಂಬರ್ಗ್ ಒಪ್ಪಂದಕ್ಕೆ 2004ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಯಾರ ವಲಯದಲ್ಲಿ ರಕ್ಷಣೆ ನಡೆಯಿತೋ ಆ ದೇಶಕ್ಕೆ ಇಳಿಸುವ ಜಾಗ ಗೊತ್ತುಮಾಡುವ ಮೊದಲ ಹೊಣೆ, ಮತ್ತು ಹಡಗು ತನ್ನ ದಾರಿಯಿಂದ ಆದಷ್ಟು ಕಡಿಮೆ ತಿರುಗುವಂತೆ ಮಾಡಬೇಕು. ತನ್ನದೇ ಬಂದರು ತೆರೆಯಬೇಕು ಎಂದು ಮಾತ್ರ ಬರೆಯಲಿಲ್ಲ. ಒಪ್ಪಂದಕ್ಕೆ ಕೂತ ದೇಶಗಳು ಬೇಕೆಂದೇ ಬಿಟ್ಟ ಖಾಲಿ ಜಾಗ ಇದು, ನನ್ನ ಅಭಿಪ್ರಾಯ.

ನಿಮ್ಮ ಮಗ ಇದ್ದ ಜಾಗದಲ್ಲಿ ಇದು ಇನ್ನಷ್ಟು ಗೋಜಲು. ಮಾಲ್ಟಾ ಪುಟ್ಟ ದ್ವೀಪ, ಅದರ ರಕ್ಷಣಾ ವಲಯ ವಿಶಾಲ, ಆ 2004ರ ತಿದ್ದುಪಡಿಯನ್ನು ಅದು ಒಪ್ಪಿಯೇ ಇಲ್ಲ. ದಕ್ಷಿಣಕ್ಕೆ 2018ರಿಂದ ಲಿಬಿಯಾದ ವಲಯ. ಅಲ್ಲಿಗೆ ಫೋನ್ ಮಾಡಿದರೆ ವಾಪಸ್ ತಂದು ಇಳಿಸಿ ಅನ್ನಬಹುದು, ಆದರೆ ಲಿಬಿಯಾ ಸುರಕ್ಷಿತ ಜಾಗವಲ್ಲ ಎಂಬುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ನಿಲುವು. ಹೀಗೆ ಒಬ್ಬರು ಇನ್ನೊಬ್ಬರತ್ತ ಬೊಟ್ಟು ಮಾಡುವಾಗ ಐದು ದಿನ ಹೋಗಿವೆ. ಐದೇ ದಿನ ಎಂದು ಹೇಳಬೇಕು. 2020ರ ಆಗಸ್ಟಿನಲ್ಲಿ ಮಾಲ್ಟಾದ ಕೋರಿಕೆಯ ಮೇಲೆಯೇ 27 ಜನರನ್ನು ಹತ್ತಿಸಿಕೊಂಡ ಡೆನ್ಮಾರ್ಕಿನ ಮೇರ್ಸ್ಕ್ ಎಟಿಯೆನ್ ಟ್ಯಾಂಕರ್ ಐದು ವಾರಕ್ಕೂ ಹೆಚ್ಚು ಕಾಲ ಸಮುದ್ರದಲ್ಲೇ ಕೊಳೆಯಿತು. ಕೊನೆಗೆ ಒಂದು ಸ್ವಯಂಸೇವಾ ಹಡಗು ಆ ಜನರನ್ನು ವರ್ಗಾಯಿಸಿಕೊಂಡು ಸಿಸಿಲಿಯಲ್ಲಿ ಇಳಿಸಿತು. ಆಮೇಲೆ ಆ ಸ್ವಯಂಸೇವಾ ಹಡಗಿನವರಿಗೆ ಟ್ಯಾಂಕರ್ ಕಂಪನಿ ಹಣ ಕೊಟ್ಟದ್ದು ಹೊರಬಿದ್ದು, ಅದು ಖರ್ಚಿನ ಬಾಬ್ತು ಎಂದು ಅವರು ಹೇಳಿದರೂ ಇಟಲಿಯ ತನಿಖೆ ಶುರುವಾಯಿತು. ಹಣ ಕೈ ಬದಲಾಯಿಸಿದರೆ ಎಂಥ ಒಳ್ಳೆಯ ಕೆಲಸದ ಮೇಲೂ ಪ್ರಶ್ನೆ ಏಳುತ್ತದೆ, ಅದಕ್ಕೇ ಲಾಭದ ಮಾತನ್ನು ಮೇಲೆ ಅಷ್ಟು ಒತ್ತಿ ಹೇಳಿದೆ.

ಈ ತಿದ್ದುಪಡಿಗಳೆಲ್ಲ ಹುಟ್ಟಿದ್ದೇ ಇನ್ನೊಂದು ಹಡಗಿನಿಂದ. 2001ರ ಆಗಸ್ಟಿನಲ್ಲಿ ನಾರ್ವೆಯ ಟಾಂಪಾ ಎಂಬ ಕಂಟೇನರ್ ಹಡಗು, ಆಸ್ಟ್ರೇಲಿಯಾದ ಕೋರಿಕೆಯಂತೆಯೇ, ಕ್ರಿಸ್ಮಸ್ ದ್ವೀಪದ ಉತ್ತರಕ್ಕೆ ಮುಳುಗುತ್ತಿದ್ದ ದೋಣಿಯಿಂದ 433 ಜನರನ್ನು ಎತ್ತಿಕೊಂಡಿತು. ಬಹುಪಾಲು ಅಫ್ಘಾನಿಸ್ತಾನದವರು. ಹಡಗಿನಲ್ಲಿದ್ದ ಸಿಬ್ಬಂದಿ 27. ಆಸ್ಟ್ರೇಲಿಯಾ ಬಂದರು ಮುಚ್ಚಿತು, ಕ್ಯಾಪ್ಟನ್ ಆರ್ನೆ ರಿನ್ನನ್ ಒಳಗೆ ಬಂದಾಗ ಕಮಾಂಡೊಗಳನ್ನು ಹಡಗಿಗೆ ಇಳಿಸಿತು, ಜನರನ್ನು ನೌರು ಮತ್ತು ನ್ಯೂಜಿಲೆಂಡಿಗೆ ಹಂಚಿ ಕಳಿಸಿತು. ಕ್ಯಾಪ್ಟನ್‌ಗೆ, ಸಿಬ್ಬಂದಿಗೆ, ಹಡಗಿನ ಮಾಲೀಕರಿಗೆ ಮರುವರ್ಷ ವಿಶ್ವಸಂಸ್ಥೆಯ ನಾನ್ಸೆನ್ ಪ್ರಶಸ್ತಿ ಬಂತು. ಪ್ರಶಸ್ತಿ ಒಳ್ಳೆಯದೇ. ಆದರೆ ಇಂಥ ಒಂದೊಂದು ತಡೆಯೂ ಮುಂದಿನ ಕ್ಯಾಪ್ಟನ್ ಮಸುಕಿನಲ್ಲಿ ದೋಣಿ ಕಂಡಾಗ ದುರ್ಬೀನು ಕೆಳಗಿಡುವಂತೆ ಮಾಡುತ್ತದೆ ಎಂಬುದೇ ನನ್ನ ಆತಂಕ. 2014ರಿಂದೀಚೆಗೆ ಮೆಡಿಟರೇನಿಯನ್ನಿನಲ್ಲಿ ಸತ್ತವರು, ಕಾಣೆಯಾದವರು 30 ಸಾವಿರ ದಾಟಿದ್ದಾರೆ ಎಂಬ ಲೆಕ್ಕ ಅಂತರರಾಷ್ಟ್ರೀಯ ವಲಸೆ ಸಂಸ್ಥೆಯದು.

ದಡದಲ್ಲಿ ಕೂತು ತಡ ಮಾಡಿದ ಸರ್ಕಾರಗಳಿಗೆ ಏನೂ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಅಪರೂಪಕ್ಕೆ ಆಗುತ್ತದೆ. 2013ರ ಅಕ್ಟೋಬರ್ 11ರಂದು ದೋಣಿಯೊಂದು ಮೊರೆಯಿಡುತ್ತಿದ್ದಾಗ ಇಟಲಿ ಮತ್ತು ಮಾಲ್ಟಾ ಕೇಂದ್ರಗಳು ಕರೆಯನ್ನು ಅತ್ತಿತ್ತ ದಾಟಿಸುತ್ತ ಕೂತವು. 60 ಮಕ್ಕಳು ಸೇರಿ ಇನ್ನೂರಕ್ಕೂ ಹೆಚ್ಚು ಜನ ಮುಳುಗಿದರು. ದೋಣಿ ಇದ್ದದ್ದು ಮಾಲ್ಟಾದ ವಲಯದಲ್ಲಾದರೂ, ಹತ್ತಿರದಲ್ಲಿ ನೌಕೆಯಿದ್ದ ಇಟಲಿಯೂ ಹೊಣೆಗಾರ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2021ರಲ್ಲಿ ಹೇಳಿತು.

ಭಾರತದ ಮಾತು ಬಂದರೆ, ನಾವು 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಪ್ರತ್ಯೇಕ ನಿರಾಶ್ರಿತ ಕಾಯ್ದೆಯೂ ಇಲ್ಲ. ಸಮುದ್ರದಲ್ಲಿ ರಕ್ಷಿಸುವ ಹೊಣೆಗೆ ಇದರಿಂದ ರಿಯಾಯಿತಿ ಇಲ್ಲ. ದಡಕ್ಕೆ ಬಂದ ಮೇಲೂ ಸಂವಿಧಾನದ 21ನೇ ವಿಧಿಯ ಜೀವದ ಹಕ್ಕು ನಾಗರಿಕರಲ್ಲದವರಿಗೂ ಇದೆ ಎಂದು ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ಇನ್ನು ಮಗ ಮಾಡಬೇಕಾದ್ದು. ಆ ದಿನಗಳ ಲಾಗ್‌ಬುಕ್ ಪುಟಗಳ ಮತ್ತು ರಕ್ಷಣಾ ಕೇಂದ್ರದೊಂದಿಗೆ ನಡೆದ ಸಂದೇಶಗಳ ಪ್ರತಿಯನ್ನು ಕ್ಯಾಪ್ಟನ್ ಅನುಮತಿಯಿಂದ ಪಡೆದು ಇಟ್ಟುಕೊಳ್ಳಲಿ. ಎಷ್ಟು ಗಂಟೆಗೆ ಕಂಡರು, ಯಾರ ಸೂಚನೆ ಬಂತು, ಎಷ್ಟು ಜನ ಹತ್ತಿದರು, ಯಾವ ಬಂದರು ಏನೆಂದಿತು, ಇಷ್ಟೇ ಅವನ ಕವಚ. ತನ್ನ ನೆನಪಿನಿಂದಲೂ ಒಂದು ಟಿಪ್ಪಣಿ ಬರೆದಿಡಲಿ, ತಿಂಗಳು ಕಳೆದರೆ ಗಂಟೆಗಳು ಕಲಸಿಹೋಗುತ್ತವೆ. ತನಗೆ ಓದಲು ಬಾರದ ಇಟಾಲಿಯನ್ ಕಾಗದಕ್ಕೆ ಸಹಿ ಹಾಕಬೇಡ ಅನ್ನಿ; ಕ್ರಿಮಿನಲ್ ವಿಚಾರಣೆಯಲ್ಲಿ ಶಂಕಿತನಾದವನಿಗೆ ದುಭಾಷಿ ಕೊಡಬೇಕೆಂದು ಐರೋಪ್ಯ ಒಕ್ಕೂಟದ ಕಾನೂನೇ ಇದೆ. ಹಡಗು ಹತ್ತಿದವರ ಫೋಟೊ, ವಿಡಿಯೊ ಅವನ ಫೋನಿನಲ್ಲಿದ್ದರೆ ಅಳಿಸುವುದೂ ಬೇಡ, ಹಂಚುವುದೂ ಬೇಡ. ಅಳಿಸಿದರೆ ಸಾಕ್ಷ್ಯ ಹೋಗುತ್ತದೆ. ಹಂಚಿದರೆ ಅವರು ಬಿಟ್ಟು ಓಡಿಬಂದ ದೇಶದವರಿಗೂ ಮುಖ ಗೊತ್ತಾಗುತ್ತದೆ, ಹಿಂದುಳಿದ ಅವರ ಮನೆಮಂದಿಗೆ ತೊಂದರೆಯಾಗುತ್ತದೆ. ಮನೆಯ ವಾಟ್ಸಾಪ್ ಗುಂಪಿಗೆ ಈಗಾಗಲೇ ಏನಾದರೂ ಬಂದಿದ್ದರೆ ನೀವು ಮುಂದೆ ಕಳಿಸಬೇಡಿ.

ಒಂದು ವೇಳೆ ಬಂಧನದ ಮಾತು ಬಂದರೆ, ಭಾರತದ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳುವ ಹಕ್ಕು ಅವನಿಗಿದೆ. 1963ರ ವಿಯೆನ್ನಾ ಒಪ್ಪಂದದ 36ನೇ ಕಲಂ ಅದು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಭಾರತದ ಪರವಾಗಿ ನಿಂತದ್ದು ಅದೇ ಕಲಮಿನ ಮೇಲೆ. ಇಟಲಿಯಲ್ಲಿ ರೋಮಿನಲ್ಲಿ ನಮ್ಮ ರಾಯಭಾರ ಕಚೇರಿ, ಮಿಲಾನಿನಲ್ಲಿ ಕಾನ್ಸುಲೇಟ್ ಇವೆ. ಇಲ್ಲಿ ನೀವು ಮುಂಬಯಿಯ ನೌಕಾ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿಜಿ ಶಿಪ್ಪಿಂಗ್‌ಗೆ, ಮಗನ ಇಂಡೋಸ್ ಸಂಖ್ಯೆ (ಭಾರತೀಯ ನಾವಿಕರ ನೋಂದಣಿ ಸಂಖ್ಯೆ), ಹಡಗಿನ ಹೆಸರು, ಅವನನ್ನು ಕಳಿಸಿದ ಏಜೆನ್ಸಿಯ ಹೆಸರು ಹಾಕಿ ಒಂದು ಇಮೇಲ್ ಕಳಿಸಿ. ಏಜೆನ್ಸಿಗೆ ಆರ್‌ಪಿಎಸ್‌ಎಲ್ ಪರವಾನಗಿ, ಅಂದರೆ ನಾವಿಕರನ್ನು ಕೆಲಸಕ್ಕೆ ಕಳಿಸಲು ಸರ್ಕಾರ ಕೊಡುವ ಅನುಮತಿ, ಇದ್ದರೆ ಅವರನ್ನು ಕರೆಸಿ ಕೇಳುವ ಅಧಿಕಾರ ನಿರ್ದೇಶನಾಲಯಕ್ಕಿದೆ. ಪರವಾನಗಿ ಇಲ್ಲದವರ ಮೂಲಕ ಹೋಗಿದ್ದರೆ ಅದನ್ನು ಮುಚ್ಚಿಡದೆ ಬರೆಯಿರಿ.

ಸಿಡಿಸಿಗೆ ಯಾವ ಕಲೆಯೂ ಹತ್ತುವುದಿಲ್ಲ. ರಕ್ಷಣೆ ಮಾಡಿದ್ದಕ್ಕೆ ಅದರಲ್ಲಿ ದಾಖಲೆ ಆಗುವುದೇ ಇಲ್ಲ, ಸಮುದ್ರ ಸೇವೆಯ ದಿನಗಳಷ್ಟೇ ಏರುತ್ತವೆ, ಆ ಐದು ದಿನವೂ ಸೇರಿ. ಇನ್ನೊಂದು ಸಣ್ಣ ಹಕ್ಕಿದೆ, ಹುಡುಗರು ಕೇಳಲು ಸಂಕೋಚಪಡುತ್ತಾರೆ. ಅಪಾಯದಲ್ಲಿರುವವರ ನೆರವಿಗಾಗಿ ಕ್ಯಾಪ್ಟನ್ ವಿಶ್ರಾಂತಿಯ ವೇಳೆಯಲ್ಲೂ ದುಡಿಸಿಕೊಳ್ಳಬಹುದು, ಆದರೆ ಪರಿಸ್ಥಿತಿ ತಿಳಿಯಾದ ಮೇಲೆ ಆ ವಿಶ್ರಾಂತಿಯನ್ನು ತುಂಬಿಕೊಡಬೇಕು ಎಂದು 2006ರ ನಾವಿಕ ಕಾರ್ಮಿಕ ಒಪ್ಪಂದದಲ್ಲಿದೆ. ಸತ್ತವರನ್ನು ನೀರಿನಲ್ಲಿ ನೋಡಿದ್ದರೆ ಕಂಪನಿಯಿಂದ ಆಪ್ತ ಸಮಾಲೋಚನೆಯನ್ನೂ ಕೇಳಲಿ. ಫೋನಿನಲ್ಲಿ ಅವನು ಕೇಸಿನ ವಿಷಯ ಬಿಟ್ಟು ಬೇರೇನನ್ನೂ ಹೇಳುತ್ತಿಲ್ಲ ಎಂದರೆ, ಅವನ ತಾಯಿ ಕೇಸಿನ ಬಗ್ಗೆ ಕೇಳುವುದನ್ನು ಸ್ವಲ್ಪ ದಿನ ಬಿಟ್ಟು ಆ ರಾತ್ರಿಯ ಬಗ್ಗೆ ಕೇಳಲಿ.